ಗ್ಯಾಸ್ ಇಳಿಸಿದೆ, ಕುದುರೆ ಎದ್ದಿತು: ನನ್ನ ಅನುಭವ

ಫೆಟ್‌ಲಾಕ್ ಕಾಂಡೈಲ್ (ಗೊರಸಿನ ಮೇಲಿನ ಕೀಲಿನ ಮೂಳೆಯ ತುದಿ) ಮುರಿದ ರೇಸ್ ಕುದುರೆಗೆ ಆಪರೇಷನ್ನಿಗೆಂದು ಎರಡು ತಾಸು ಐಸೋಫ್ಲೂರೇನ್ (ಅರಿವಳಿಕೆ ಗ್ಯಾಸ್) ಕೊಟ್ಟರೆ ಏಳುವಾಗ ಮೂಳೆಗೆ ಹಾಕಿದ ಸ್ಕ್ರೂ ಕಿತ್ತುಕೊಂಡೇ ಏಳುತ್ತದೆ, ಗ್ವೈಫೆನೆಸಿನ್, ಕೆಟಮಿನ್, ಜೈಲಜೀನ್ ಬೆರೆಸಿ ರಕ್ತನಾಳಕ್ಕೆ ಬಿಡುವ ಟ್ರಿಪಲ್ ಡ್ರಿಪ್‌ನಲ್ಲೇ ಮುಗಿಸಿ ಎಂದವರೇ ಹೆಚ್ಚು. ಡ್ರಿಪ್ ಒಂದು ತಾಸಿಗೆ ಚೆನ್ನ. ಅದರಾಚೆ ಸ್ನಾಯು ಸಡಿಲಿಸುವ ಗ್ವೈಫೆನೆಸಿನ್ ಮೈಯಲ್ಲಿ ಉಳಿದು ಹಿಂಗಾಲು ತೂರಾಡುತ್ತದೆ.

ಮೊದಮೊದಲು ನಾನೂ ಗ್ಯಾಸ್ ಸುರಿದವನೇ. ಗ್ಯಾಸ್ ಯಂತ್ರದ ಡಯಲ್ ಶೇಕಡಾ 3, ಆಕ್ಸಿಜನ್ ನಿಮಿಷಕ್ಕೆ 10 ಲೀಟರ್, ಕೊನೆತನಕ ಹಾಗೇ. ಸರಾಸರಿ ಬಿಪಿ 55ಕ್ಕೆ ಬಿತ್ತು, ರಕ್ತ ಸಾಲದೆ, ಮಲಗಿದ ಮಗ್ಗುಲಿನ ಕೆಳಗಿನ ಭುಜದ ಟ್ರೈಸೆಪ್ಸ್ ಸ್ನಾಯು ಕಲ್ಲಾಯಿತು. ಸ್ಕ್ರೂ ಚೆನ್ನಾಗಿಯೇ ಕೂತಿತ್ತು, ಆದರೆ ಕುದುರೆಗೆ ಆ ಕೆಳಗಿನ ಕಾಲೂರಲು ಮೂರು ದಿನ ಬೇಕಾಯಿತು. ಐಸೋಫ್ಲೂರೇನ್ ದ್ರವವೂ ಸುಮಾರು 180 ಮಿ.ಲೀ. ಖರ್ಚು. 250ರ ಬಾಟಲಿ ಎರಡು ಕುದುರೆಗೂ ಬರುತ್ತಿರಲಿಲ್ಲ, ಈಗ ಮೂರಕ್ಕೆ ಬರುತ್ತದೆ.

ಮಲಗಿಸಲು ಜೈಲಜೀನ್ 1.1, ಕೆಟಮಿನ್ 2.2, ಡಯಜೆಪಾಮ್ 0.05 (ಎಲ್ಲ ಕೆಜಿಗೆ ಮಿ.ಗ್ರಾಂ), ಉಸಿರುನಾಳಕ್ಕೆ 26 ಮಿ.ಮೀ. ಟ್ಯೂಬು, ಇವು ಮಾಮೂಲಿ. ಮೊದಲ ಹತ್ತು ನಿಮಿಷ ಮಾತ್ರ 10 ಲೀಟರ್, ಡಯಲ್ 4. ಆಮೇಲೆ 5 ಲೀಟರ್, ಡಯಲ್ 2. ಚಾಕು ಇಡುವ ಮೊದಲೇ ಬುಪಿವಕೇನ್‌ನಿಂದ ಲೋ ಫೋರ್ ಪಾಯಿಂಟ್ ಬ್ಲಾಕ್ (ಕಾಲಿನ ನಾಲ್ಕು ನರಗಳನ್ನು ಮರಗಟ್ಟಿಸುವುದು). ನೋವು ತಗ್ಗಿಸಲು ರಕ್ತನಾಳಕ್ಕೆ ಲಿಡೊಕೇನ್ 2 ಮಿ.ಗ್ರಾಂ/ಕೆಜಿ, ಹದಿನೈದು ನಿಮಿಷದಲ್ಲಿ. ನಂತರ ನಿಮಿಷಕ್ಕೆ 50 ಮೈಕ್ರೋಗ್ರಾಂ/ಕೆಜಿ. ಬ್ಲಾಕ್ ಹಿಡಿದರೆ ಡಯಲ್ 1.5ಕ್ಕೂ ಇಳಿಯುತ್ತದೆ. ಬಿಪಿ 70ರ ಕೆಳಗೆ ಜಾರಿದರೆ ಬಿಪಿ ಏರಿಸುವ ಡೊಬ್ಯುಟಮಿನ್, ಕೆಜಿಗೆ ನಿಮಿಷಕ್ಕೆ ಅರ್ಧ ಮೈಕ್ರೋಗ್ರಾಂನಿಂದ ಶುರು. ಅದಕ್ಕೂ ಮೊದಲು ಡಯಲ್ ಇಳಿಸಬಹುದೇ ನೋಡಿ. ಕೆಳಗಿನ ಮುಂಗಾಲನ್ನು ಮುಂದಕ್ಕೆಳೆದು ಕಟ್ಟಿ, ಹಾಲ್ಟರ್ ಬಿಚ್ಚಿಡಿ, ಇಲ್ಲದಿದ್ದರೆ ಮುಖದ ನರ ಹೋಗುತ್ತದೆ.

ಆಪರೇಷನ್ ಮುಗಿಯುವ ಅರ್ಧ ತಾಸು ಮೊದಲೇ ಲಿಡೊಕೇನ್ ನಿಲ್ಲಬೇಕು. ಒಮ್ಮೆ ಕೊನೆತನಕ ಬಿಟ್ಟು ಕುದುರೆಯನ್ನು ಕುಡುಕನಂತೆ ಓಲಾಡಿಸಿದ್ದೇನೆ.

ಸೋಡಾ ಲೈಮ್ (ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರುವ ಹರಳು) ಬಣ್ಣ ನಂಬಬೇಡಿ. ಹೀರುವ ಶಕ್ತಿ ಸತ್ತು ಬಣ್ಣ ತಿರುಗಿದ್ದೂ ರಾತ್ರಿ ಕಳೆದರೆ ಬೆಳ್ಳಗಾಗಿ ಕೂತಿರುತ್ತದೆ. ಕೆಲಸದ ಮಧ್ಯೆ ಡಬ್ಬಿ ಮುಟ್ಟಿ, ಬಿಸಿಯಿಲ್ಲವೆಂದರೆ ಬದಲಿಸಿ.

ಸೆವೋಫ್ಲೂರೇನ್ ಎಂಬ ಇನ್ನೊಂದು ಗ್ಯಾಸ್ ಕೂಡ ನೋಡಿದೆ. ಔಷಧ ಹೆಚ್ಚುಕಡಿಮೆ ಎರಡರಷ್ಟು ಹೋಯಿತು. ಏಳುವ ರೀತಿಯಲ್ಲಿ ನನಗೆ ಆ ದುಡ್ಡಿನ ಫರಕು ಕಾಣಲಿಲ್ಲ. ಎರಡರಲ್ಲೂ ಕಣ್ಣು ಓಡಾಡಲು ಶುರುವಾದಾಗ ಕೆಜಿಗೆ 0.2 ಮಿ.ಗ್ರಾಂ ಜೈಲಜೀನ್ ಬೇಕೇ ಬೇಕು. ಮೂತ್ರಚೀಲ ಖಾಲಿ ಮಾಡಿರಬೇಕು, ತುಂಬಿದ್ದರೆ ಹೊತ್ತಿಗೆ ಮುಂಚೆ ಏಳಲು ಒದ್ದಾಡುತ್ತದೆ. ಏಳುವಾಗ ಆಸರೆಗೆ ತಲೆಗೂ ಬಾಲಕ್ಕೂ ಹಗ್ಗ. ಬಾಲದ ಹಗ್ಗ ಯಾವ ಕ್ಷಣಕ್ಕೆ ಬಿಗಿ ಎಂಬುದನ್ನು ಬರೆದು ಹೇಳುವುದಿಲ್ಲ. ಬಂದು ಪಕ್ಕದಲ್ಲಿ ನಿಂತರೆ ತೋರಿಸುತ್ತೇನೆ.