ಇಳಿಜಾರಿನ ಮೈದಾನದಲ್ಲಿ ಎಫ್‌ಎ ಕಪ್ ನೋಡಿದ್ದು

ಲೈನ್ಸ್‌ಮನ್ ಓಡಿ ಬಂದು ನಿಂತಾಗ ಅವರ ಏದುಸಿರು ನನಗೆ ಕೇಳಿಸುತ್ತಿತ್ತು. ನನಗೂ ಅವರಿಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಕಂಬಿ, ಅಷ್ಟೇ. ಬೆಂಗಳೂರಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ನಿಂತು ಗಂಟಲು ಹರಿಯುವಷ್ಟು ಕೂಗಿದವನು ನಾನು. ಅಲ್ಲಿ ನಮಗೂ ಆಟಗಾರರಿಗೂ ನಡುವೆ ಓಟದ ಟ್ರ್ಯಾಕ್ ಇದೆ. ಇಲ್ಲಿ ಕೈ ಚಾಚಿದರೆ ಆಟಗಾರನ ಬೆನ್ನು ಸಿಗುತ್ತದೆ.

ನಾನಿದ್ದದ್ದು ಇಂಗ್ಲೆಂಡಿನ ಶೆಫೀಲ್ಡ್‌ನ ಸ್ಯಾಂಡಿಗೇಟ್‌ನಲ್ಲಿ, ಹ್ಯಾಲಂ ಅನ್ನುವ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ. ಆಗಸ್ಟ್ ತಿಂಗಳ ಶನಿವಾರ, ಮಧ್ಯಾಹ್ನ 3 ಗಂಟೆ. ಇಂಗ್ಲೆಂಡಿನ ದೊಡ್ಡ, ಸಣ್ಣ ಕ್ಲಬ್ಬುಗಳೆಲ್ಲ ಒಟ್ಟಿಗೆ ಆಡುವ ಎಫ್‌ಎ ಕಪ್‌ನ ಮೊಟ್ಟಮೊದಲ ಸುತ್ತು. ಟಿವಿಯಲ್ಲಿ ನಾವು ನೋಡುವ ಕಪ್ ಜನವರಿಯಲ್ಲಿ ಶುರುವಾಗುತ್ತದೆ, ಯಾಕಂದ್ರೆ ಪ್ರೀಮಿಯರ್ ಲೀಗ್ ತಂಡಗಳು ಆಡಲು ಬರುವುದೇ ಆಗ, 'ಮೂರನೇ ಸುತ್ತು' ಅಂತ ಕರೆಯುವ ಸುತ್ತಿಗೆ (ಶುರುವಿನ ಅರ್ಹತಾ ಸುತ್ತುಗಳು ಆ ಎಣಿಕೆಯಲ್ಲಿ ಇಲ್ಲ). ಅದಕ್ಕೂ ಮೊದಲು, ಬೇಸಿಗೆ ಬಿಸಿಲಲ್ಲೇ, ನೂರಾರು ಸಣ್ಣ ಕ್ಲಬ್ಬುಗಳು ಅದೇ ಕಪ್‌ಗೆ ಆಡಲು ಶುರು ಮಾಡಿರುತ್ತವೆ. ಈ ಮೊದಲ ಸುತ್ತಿನಿಂದ, ಫೈನಲ್ ನಡೆಯುವ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಕಪ್ ಎತ್ತುವವರೆಗೆ 14 ಸುತ್ತು ಗೆಲ್ಲಬೇಕು. ಇಷ್ಟು ಕೆಳಗಿನಿಂದ ಹೊರಟು ಯಾರೂ ಅಲ್ಲಿಯವರೆಗೆ ಹೋಗಿಲ್ಲ. ಆದರೆ ಆ ದಿನ ಮೈದಾನದಲ್ಲಿದ್ದ ಯಾರ ಮುಖದಲ್ಲೂ 'ಸುಮ್ನೆ ಆಡ್ತಿದ್ದೀವಿ' ಅನ್ನುವ ಭಾವ ಇರಲಿಲ್ಲ.

ಇಂಥ ಸಣ್ಣ ಕ್ಲಬ್ಬುಗಳ ಆಟಕ್ಕೆ ಇಲ್ಲಿ ನಾನ್-ಲೀಗ್ ಅನ್ನುತ್ತಾರೆ; ಆ ಹೆಸರು ಮೊದಲು ನನಗೂ ಗೊಂದಲವೇ. ಲೀಗ್ ಇಲ್ಲ ಅಂತ ಅರ್ಥ ಅಲ್ಲ. ಪ್ರೀಮಿಯರ್ ಲೀಗ್ ಮತ್ತು ಅದರ ಕೆಳಗಿನ ಮೂರು ಹಂತ ಬಿಟ್ಟು, ಐದನೇ ಹಂತದಿಂದ ಕೆಳಗಿರುವುದೆಲ್ಲ ನಾನ್-ಲೀಗ್. ಹ್ಯಾಲಂ ಅದರಲ್ಲೂ ಬಹಳ ಕೆಳಗಿನ ಮೆಟ್ಟಿಲಿನ ಕ್ಲಬ್. ವಾರವೆಲ್ಲ ಬೇರೆ ಕೆಲಸ ಮಾಡಿ ಶನಿವಾರ ಬೂಟು ಕಟ್ಟುವ ಹುಡುಗರು ಆಡುವ ಮಟ್ಟ ಇದು. ಗೇಟು ಕಾಯುವುದು, ಚಹಾ ಮಾಡುವುದು, ಗೆರೆ ಎಳೆಯುವುದು, ಎಲ್ಲ ಊರಿನವರೇ, ಸಂಬಳವಿಲ್ಲದೆ.

ಇದಕ್ಕೆ ಮೊದಲು ಒಂದು ಜನವರಿಯಲ್ಲಿ ಬೇರೊಂದು ಊರಿಗೆ ಹೋಗಿದ್ದೆ. ಅದು ಎಫ್‌ಎ ವಾಸ್ ಪಂದ್ಯ. ಸಣ್ಣ ಕ್ಲಬ್ಬುಗಳಿಗಾಗಿಯೇ 1974ರಲ್ಲಿ ಶುರುವಾದ ಕಪ್ ಅದು, ಫೈನಲ್ ಮಾತ್ರ ವೆಂಬ್ಲಿಯಲ್ಲಿ.  ಒಂದು ರೈಲು, ಎರಡು ಬಸ್ಸು ಹತ್ತಿ ಹೋದರೆ ಗೇಟಿಗೆ ಬೀಗ. ಒಂದು ಕಾಗದ ಅಂಟಿಸಿದ್ದರು: ಮೈದಾನದಲ್ಲಿ ನೀರು ನಿಂತಿದೆ, ಪಂದ್ಯ ಇಲ್ಲ. ಬಹಳ ಬೇಜಾರಾಯಿತು. ಚಳಿಗಾಲದಲ್ಲಿ ಇಲ್ಲಿ ಇದು ಮಾಮೂಲಿ. ಬೆಳಿಗ್ಗೆ ರೆಫ್ರಿ ಬಂದು ನೆಲ ನೋಡಿ ತೀರ್ಮಾನ ಮಾಡುತ್ತಾರೆ. ಆಮೇಲಿಂದ ಮನೆ ಬಿಡುವ ಮುಂಚೆ ಕ್ಲಬ್ಬಿನ ಪುಟ ನೋಡದೆ ನಾನು ಹೊರಟಿಲ್ಲ. ಮೊದಲ ಸಲ ಹೋಗುವವರಿಗೆ ಆಗಸ್ಟೇ ಒಳ್ಳೆಯದು.

ಶೆಫೀಲ್ಡ್ ಪೂರ್ತಿ ಗುಡ್ಡಗಳ ಊರು. ಬಸ್ಸು ಪಟ್ಟಣದ ನಡುವಿನಿಂದ ಕ್ರಾಸ್‌ಪೂಲ್ ಕಡೆಗೆ ಏದುತ್ತಾ ಏರುತ್ತದೆ. ಮೈದಾನವೂ ಆ ಗುಡ್ಡದ ತುಂಡೇ. ಇಳಿಜಾರು ಬರಿಗಣ್ಣಿಗೇ ಕಾಣುತ್ತದೆ. ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಮೈದಾನ ಇದೇ ಅಂತ ಗಿನ್ನೆಸ್‌ನವರು ಒಪ್ಪಿದ್ದಾರೆ. 1860ರ ಡಿಸೆಂಬರ್ 26ರಂದು, ಕ್ರಿಸ್ಮಸ್ ಮಾರನೇ ದಿನ, ಎರಡು ಕ್ಲಬ್ಬುಗಳ ನಡುವಿನ ಮೊದಲ ಪಂದ್ಯ ನಡೆದದ್ದು ಇಲ್ಲೇ. ಹ್ಯಾಲಂ ಮತ್ತು ಶೆಫೀಲ್ಡ್ ಎಫ್‌ಸಿ. ಶೆಫೀಲ್ಡ್ 2-0ಯಿಂದ ಗೆದ್ದಿತು. ಆದರೆ 1867ರಲ್ಲಿ ಶೆಫೀಲ್ಡ್‌ನ ಕ್ಲಬ್ಬುಗಳ ನಡುವೆ ನಡೆದ ಯೂಡನ್ ಕಪ್ ಗೆದ್ದದ್ದು ಹ್ಯಾಲಂ. ಎಫ್‌ಎ ಕಪ್ ಹುಟ್ಟಿದ್ದು 1871ರಲ್ಲಿ. ಅಂದರೆ ಆ ಕಪ್‌ಗಿಂತ ಹಳೆಯ ಕಪ್ ಗೆದ್ದ ಕ್ಲಬ್ಬು ಇದು! ಇದನ್ನು ಓದಿಕೊಂಡು ಹೋಗಿದ್ದಕ್ಕೆ ಗೇಟಿನೊಳಗೆ ಕಾಲಿಡುವಾಗಲೇ ಮೈ ಜುಂ ಅಂದಿತು.

ಟಿಕೆಟ್ 10 ಪೌಂಡ್‌ಗಿಂತ ಕಡಿಮೆ. ಮುಂಚಿತವಾಗಿ ಬುಕ್ ಮಾಡುವ ರಗಳೆ ಇಲ್ಲ. ಗೇಟಿನಲ್ಲಿದ್ದ ಹಿರಿಯರು ಚಿಲ್ಲರೆ ಕೊಡುತ್ತಾ "ಸರಿ, ಲವ್" ಅಂದರು. ಶೆಫೀಲ್ಡ್‌ನಲ್ಲಿ ಗಂಡಸರು ಗಂಡಸರನ್ನೂ ಹಾಗೇ ಕರೆಯುತ್ತಾರೆ. ನಮ್ಮಲ್ಲಿ ಗುರುತಿಲ್ಲದವರನ್ನೂ 'ಗುರು' ಅನ್ನುವುದಿಲ್ವಾ, ಹಾಗೆ. ಇನ್ನೊಬ್ಬರು ರಾಫಲ್, ಅಂದರೆ ಸಣ್ಣ ಲಾಟರಿಯ ಚೀಟಿ ಹಿಡಿದು ಬಂದರು. ದಯವಿಟ್ಟು ತೆಗೆದುಕೊಳ್ಳಿ. ಆ ದುಡ್ಡಿನಿಂದಲೇ ಇಂಥ ಕ್ಲಬ್ಬುಗಳ ಖರ್ಚು ನಡೆಯುವುದು.

ಊಟದ ಬಗ್ಗೆ ಹೇಳಲೇಬೇಕು. ನಾನು ಸಸ್ಯಾಹಾರಿ. ಚೀಸ್ ಮತ್ತು ಈರುಳ್ಳಿ ಹಾಕಿದ ಪೈ ಸಿಕ್ಕಿತು, ಜೊತೆಗೆ ಮಷಿ ಪೀಸ್. ಒಣ ಬಟಾಣಿಯನ್ನು ರಾತ್ರಿ ಸೋಡಾ ಹಾಕಿ ನೆನೆಸಿ, ಕರಗುವಷ್ಟು ಬೇಯಿಸಿದ್ದು. ಬಾಯಿಗಿಟ್ಟ ಕೂಡಲೇ ಮಸಾಲಪುರಿ ಗಾಡಿಯ ಬಟಾಣಿ ನೆನಪಾಯಿತು, ಮಸಾಲೆ ಮಾತ್ರ ಇಲ್ಲ. ಅದನ್ನು ತುಂಬಲು ಹೆಂಡರ್ಸನ್ಸ್ ರೆಲಿಶ್ ಇದೆ. 1885ರಿಂದ ಇದೇ ಊರಿನಲ್ಲಿ ತಯಾರಾಗುವ ಕಪ್ಪು, ಹುಳಿ ಸಾಸ್. ಹುಣಸೆ ಹುಳಿಯೂ ಅದರಲ್ಲಿದೆ. ಪಕ್ಕದಲ್ಲಿದ್ದ ಮುದುಕರು ನನ್ನ ಪೈ ನೋಡಿ, "ಅಷ್ಟು ಸಾಲದು, ಇನ್ನೂ ಸುರಿ" ಅಂತ ತಾವೇ ಬಾಟಲಿ ಎತ್ತಿ ಸುರಿದರು. ಅಲ್ಲಿಂದ ಪಂದ್ಯ ಮುಗಿಯುವವರೆಗೂ ನಾವಿಬ್ಬರು ಜೊತೆಗೇ ಇದ್ದೆವು.

ಎದುರು ತಂಡ ಲ್ಯಾಂಕಷೈರ್ ಕಡೆಯದು. ಅವರ ಗೋಲ್‌ಕೀಪರ್ ಬಾಯಿ ಮುಚ್ಚಿದ್ದೇ ಇಲ್ಲ. "ಎಡಗಡೆ! ಬಿಡಬೇಡ! ತಿರುಗು!" ಪ್ರತಿ ಮಾತೂ ಕೇಳಿಸುತ್ತದೆ. ಎರಡು ಮೊಣಕಾಲು ಡಿಕ್ಕಿ ಹೊಡೆದ ಸದ್ದೂ ಕೇಳಿಸುತ್ತದೆ. ಟಿವಿಯಲ್ಲಿ ಆ ನೋವು ಗೊತ್ತಾಗುವುದಿಲ್ಲ. ಅರ್ಧ ಆಟ ಮುಗಿದಾಗ ಜನರೆಲ್ಲ ಎದ್ದು ಒಂದು ಗೋಲಿನ ಕಡೆಯಿಂದ ಇನ್ನೊಂದು ಗೋಲಿನ ಕಡೆಗೆ ಹೊರಟರು. ತಮ್ಮ ತಂಡ ದಾಳಿ ಮಾಡುವ ಕಡೆಯೇ ನಿಲ್ಲುವುದು ಇಲ್ಲಿನ ಪದ್ಧತಿ. ಬೇಲಿ ಇಲ್ಲ, ತಡೆಯುವವರೂ ಇಲ್ಲ. ನಾನೂ ಚಹಾ ಹಿಡಿದು ಮುದುಕರ ಹಿಂದೆ ಹೋದೆ.

1-1 ಆಗಿ ಬಹಳ ಹೊತ್ತು ಹಾಗೇ ಇತ್ತು. ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಹ್ಯಾಲಂನ ಹುಡುಗನೊಬ್ಬ ಥ್ರೋಗೆ ಬಾಲ್ ಎತ್ತಿಕೊಂಡ. ನಮ್ಮ ಮುಂದೆಯೇ. ಅಂಗೈ ಒದ್ದೆ ಇತ್ತು, ನೀಲಿ ಅಂಗಿಯ ಅಂಚಿನಿಂದ ಬಾಲನ್ನು ಎರಡು ಸಲ ಒರೆಸಿದ. ಮುದುಕರು ಮೆಲ್ಲಗೆ "ಬೇಗ, ಮಗನೇ, ಬೇಗ" ಅಂದರು. ಉದ್ದಕ್ಕೆ ಎಸೆದ. ಯಾರದೋ ತಲೆ ತಾಗಿತು, ಕಾಲುಗಳ ಗುಂಪಿನೊಳಗೆ ಬಾಲ್ ಕಳೆದುಹೋಯಿತು, ಬಲೆ ಅಲುಗಿತು. ಮುದುಕರು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ನಾನು ಕನ್ನಡದಲ್ಲೇ ಕೂಗಿದೆ. ಅವರಿಗೆ ಅರ್ಥವಾಗದ ಮಾತೇನೂ ಅಲ್ಲ ಅದು.

2-1. ಸಣ್ಣ ಕ್ಲಬ್ಬಿಗೆ ಈ ಗೆಲುವು ಅಂದರೆ ಬಹುಮಾನದ ದುಡ್ಡು, ಇನ್ನೊಂದು ಪಂದ್ಯ.

ಮುಂದಿನ ಸುತ್ತು ಎರಡು ವಾರಕ್ಕೆ. ಯಾರ ಎದುರು ಯಾರು ಅಂತ ಚೀಟಿ ಎತ್ತುವ ಡ್ರಾ ಮೊದಲ ಎರಡು ಸುತ್ತಿಗೆ ಜುಲೈನಲ್ಲೇ ಒಟ್ಟಿಗೆ ಆಗಿರುವುದರಿಂದ ಎದುರಾಳಿ ಯಾರು ಅಂತ ಎಲ್ಲರಿಗೂ ಗೊತ್ತು. ಈ ಸಲ ಬೇರೆ ಊರಲ್ಲಿ. ಕ್ಲಬ್ಬಿನ ಬಾರಿನ ಹತ್ತಿರ ಒಬ್ಬರು ಯಾರ ಕಾರಲ್ಲಿ ಎಷ್ಟು ಜಾಗ ಇದೆ ಅಂತ ಬರೆದುಕೊಳ್ಳುತ್ತಿದ್ದರು. ಮುದುಕರು ನನ್ನನ್ನು ತೋರಿಸಿ, "ಇವನದೂ ಬರೀರಿ, ನನ್ನ ಕಾರಲ್ಲಿ" ಅಂದರು. ಹೆಸರು ಹೇಗೆ ಬರೆಯೋದು ಅಂತ ಕೇಳಿದರು. ಪೆನ್ನು ತೆಗೆದುಕೊಂಡು ನಾನೇ ಬರೆದೆ.