ಮಳೆಗಾಲದಲ್ಲೂ ಗುರಿ ಕದಲದ .315 ರೈಫಲ್: ಮರ ಕೂರಿಸಿದ ನನ್ನ ಅನುಭವ

ಶಿರಸಿಯಲ್ಲಿ ಪರವಾನಗಿ ಇರುವ ಕೋವಿ ದುರಸ್ತಿ ಅಂಗಡಿಯೊಂದರಲ್ಲಿ ಕೋವಿಗೆ ಮರದ ಚೌಕಟ್ಟು ಮಾಡಿ ಕೂರಿಸುವ ಕೆಲಸ ನನ್ನದು. ಬಂಗಾಳದ ಇಶಾಪುರ ಕಾರ್ಖಾನೆಯ .315 ರೈಫಲಿನ ನಳಿಗೆಯನ್ನು ಅದರ ಕೆಳಗಿರುವ ಮುಂದಿನ ಮರಕ್ಕೆ ತಾಗಿಸದೆ ಬಿಡುತ್ತೇನೆ ಎಂದಾಗ ಈ ಕಸುಬಿನ ಹಿರಿಯರು ಯಾರೂ ಒಪ್ಪಲಿಲ್ಲ. ಲೀ-ಎನ್‌ಫೀಲ್ಡ್ ಮಾದರಿಯ ಈ ರೈಫಲಿನಲ್ಲಿ, ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟಿನ ಹಲ್ಲುಗಳಾದ ಲಗ್‌ಗಳು ಹಿಂಭಾಗದಲ್ಲಿ ಕಚ್ಚಿಕೊಳ್ಳುವುದರಿಂದ ಬೋಲ್ಟ್ ಬೇಗ ಆಡುತ್ತದೆ, ಆದರೆ ಹೊಡೆತಕ್ಕೆ ಬಾಡಿ (ಬೋಲ್ಟ್ ಕೂರುವ ಉಕ್ಕಿನ ಭಾಗ) ತುಸು ಬಾಗುತ್ತದೆ. ಆ ಅದುರುವಿಕೆಯನ್ನು ಹಿಡಿಯಲು ಮರದ ತುದಿ ನಳಿಗೆಯನ್ನು ಕೆಳಗಿನಿಂದ ಒತ್ತಿರಬೇಕು ಎಂಬುದು ಅವರ ವಾದ. ವಾದವೇನೋ ಸರಿ, ಆದರೆ ಅದು ಬೇಸಿಗೆಗೆ ಮಾತ್ರ ಸರಿ. ಘಟ್ಟದ ಮಳೆ ಹಿಡಿದ ಮೇಲೆ ಮರ ಉಬ್ಬಿ, ಒತ್ತಡ ಮನಬಂದಂತೆ ಬದಲಾಗುತ್ತದೆ.

ತುದಿಗೆ ಕಾರ್ಕ್ ಇಟ್ಟರೂ, ಎಣ್ಣೆ ಕುಡಿಸಿದ ಕಾಗದ ಇಟ್ಟರೂ ಒಂದು ಮಳೆಗಾಲ ದಾಟಲಿಲ್ಲ. ದಾಂಡೇಲಿ ಡಿಪೋದ ಸಾಗವಾನಿಯಲ್ಲಿ ಹೊಸ ಮರವನ್ನೇ ಮಾಡಿದಾಗ ಎಂಟೊಂಬತ್ತು ಸಾವಿರ ರೂಪಾಯಿ ಖರ್ಚಾಯಿತು, ಫಲ ಅದೇ. 2024ರ ಲೋಕಸಭಾ ಚುನಾವಣೆಗೆಂದು ಮಾರ್ಚ್ ಹೊತ್ತಿಗೆ ಠಾಣೆಯಲ್ಲಿ ಠೇವಣಿಯಾದ ರೈಫಲುಗಳು ಜೂನ್ ಮಳೆಯಲ್ಲಿ ಮರಳಿದಾಗ, ಒಂದೊಂದರ ಗುಂಡೂ 100 ಮೀಟರಿಗೆ ಐದಾರು ಇಂಚು ಪಕ್ಕಕ್ಕೆ ಬೀಳುತ್ತಿತ್ತು. ಒತ್ತಡವನ್ನೇ ತೆಗೆಯಬೇಕೆಂದು ನಿರ್ಧರಿಸಿದ್ದು ಆಗ.

ಮೊದಲು ನೋಡಬೇಕಾದದ್ದು ನಳಿಗೆಯ ಕಡೆಯಲ್ಲ, ಮುಂದಿನ ಮರದ ಹಿಂತುದಿ. ಹೊಡೆತದ ಧಕ್ಕೆ ಹೊರುವ ಅಲ್ಲಿನ ಎರಡು ಮುಖಗಳು ಸವೆದಿದ್ದರೆ ಉಳಿದ ಕೆಲಸವೆಲ್ಲ ವ್ಯರ್ಥ, ಮರವೂ ಅಲ್ಲಿಯೇ ಸೀಳುತ್ತದೆ. ಆ ಮುಖಗಳನ್ನು ಕೆತ್ತಿ ಎಪಾಕ್ಸಿ ಅಂಟು ತುಂಬಿದೆ. ಟ್ರಿಗರ್ ಗಾರ್ಡಿನ ಮುಂದಿನ ಸ್ಕ್ರೂವಿನ ಸುತ್ತ ಇರುವ ಕಾಲರಿನ ಬದಲು ಹಿತ್ತಾಳೆಯ ದಪ್ಪ ಕೊಳವೆಯನ್ನು ಎಪಾಕ್ಸಿಯಲ್ಲೇ ಕೂರಿಸಿದೆ. ನಳಿಗೆಗೆ ಬಾಡಿಯ ಮುಂದೆ ಒಂದೂವರೆ ಇಂಚಿನಷ್ಟು ಆಸರೆ ಕೊಟ್ಟು, ಅಲ್ಲಿಂದಾಚೆ ಸುಮಾರು 2 ಮಿ.ಮೀ. ಸಂದು ಬಿಟ್ಟೆ. ಸಾಗವಾನಿಯಲ್ಲಿ ಎಣ್ಣೆಯಂಶ ಇರುವುದರಿಂದ ಅಸಿಟೋನಿನಲ್ಲಿ ಒರೆಸಿದ ಕೂಡಲೇ ಎಪಾಕ್ಸಿ ಹಚ್ಚಬೇಕು, ತಡಮಾಡಿದರೆ ಬಿಟ್ಟುಕೊಳ್ಳುತ್ತದೆ. ಎಪಾಕ್ಸಿಗೆ ಬೆರೆಸುವ ಪುಡಿ ಯಾವುದು, ಸ್ಕ್ರೂ ಬಿಗಿಯುವ ಕ್ರಮ ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಬೀಟೆಯಲ್ಲೂ ಒಂದು ಮರ ಮಾಡಿದ್ದೆ. ನೋಟಕ್ಕೆ ಅದಕ್ಕೆ ಸಾಟಿಯಿಲ್ಲ, ಆದರೆ ಹೊತ್ತು ತಿರುಗುವವರಿಗೆ ಆ ಭಾರ ಬೇಡ. ಶಿವಣೆ ಹಗುರ, ಉಬ್ಬುವುದೂ ಕಡಿಮೆ, ಆದರೆ ಧಕ್ಕೆ ಬೀಳುವಲ್ಲಿ ಜಜ್ಜಿಹೋಗುವಷ್ಟು ಮೆದು. ಕರಾವಳಿಯಲ್ಲಿ ದೋಣಿಗೆ ಬಳಿಯುವ ಗೇರೆಣ್ಣೆಯನ್ನು (ಗೇರುಬೀಜದ ಸಿಪ್ಪೆಯ ಎಣ್ಣೆ) ಅಂಕೋಲೆಯಿಂದ ತರಿಸಿ, ನಳಿಗೆ ಕೂರುವ ಮರದ ಒಳಗಾಲುವೆಗೆ ಹಚ್ಚಿ ನೋಡಿದೆ. ನೀರನ್ನು ಅದು ಚೆನ್ನಾಗಿಯೇ ತಡೆಯುತ್ತದೆ. ಆದರೆ ಒಣಗಲು ವಾರಗಟ್ಟಲೆ ಬೇಕು, ಕೈಗೆ ತಾಗಿದರೆ ಚರ್ಮ ಬೊಕ್ಕೆ ಏಳುತ್ತದೆ. ಈಗ ಒಳಗೂ ಹೊರಗೂ ಅಗಸೆ ಎಣ್ಣೆಯನ್ನೇ ತೆಳುವಾಗಿ ಹಲವು ಬಾರಿ ತಿಕ್ಕುತ್ತೇನೆ.

ಹಿರಿಯರು ಹೇಳಿದ್ದರಲ್ಲಿ ಒಂದು ಅಂಶ ನಿಜವಾಯಿತು: ಬೇಸಿಗೆಯಲ್ಲಿ ಮೂರು ಇಂಚಿದ್ದ ಗ್ರೂಪ್ (ಗುಂಡುಗಳು ಬೀಳುವ ಹರಹು) ಮೂರೂವರೆಯ ಹತ್ತಿರ ಹೋಯಿತು. ಆದರೆ ಏಪ್ರಿಲಿನಲ್ಲಿ ಕಟ್ಟಿದ ಗುರಿ ಆಗಸ್ಟಿನಲ್ಲಿ ಒಂದು ಇಂಚಿಗಿಂತ ಹೆಚ್ಚು ಕದಲುತ್ತಿಲ್ಲ. ಸಾಮಾನಿಗೆ ತಗಲುವುದು ಸಾವಿರದೈನೂರು ರೂಪಾಯಿಯ ಆಸುಪಾಸು, ಮರ ಹಳೆಯದೇ ಸಾಕು. ಹೀಗೆ ಕೂರಿಸಿಕೊಟ್ಟ ಒಂದು ರೈಫಲೂ ಇದುವರೆಗೆ ಮರದ ದೂರಿನಿಂದ ಮರಳಿ ಬಂದಿಲ್ಲ, ಅಂದು ಒಪ್ಪದಿದ್ದ ಹಿರಿಯರೊಬ್ಬರು ಕಳೆದ ಮಳೆಗಾಲಕ್ಕೆ ಮುಂಚೆ ತಮ್ಮ ರೈಫಲನ್ನೂ ನನ್ನ ಕೈಗೇ ಕೊಟ್ಟರು.