ತಾಲ್ಲೂಕಿನ ಫೈಬರ್ ಜಾಲಕ್ಕೆ ಐಪಿವಿ6 ತಂದ ಬಗೆ

ಹಳ್ಳಿಯ ಮನೆಯೊಂದರಲ್ಲಿ ಫೋನಿನ ಮೊಬೈಲ್ ಡೇಟಾ ಆನ್ ಮಾಡಿದರೆ ಐಪಿವಿ6 ವಿಳಾಸ ಸಿಗುತ್ತದೆ, ಅಂದರೆ ಇಂಟರ್ನೆಟ್ ವಿಳಾಸಗಳ ಹೊಸ, ಬಹು ದೊಡ್ಡ ಪದ್ಧತಿಯದು. ಅದೇ ಫೋನು ಮನೆಯ ಫೈಬರ್ ವೈಫೈ ಹಿಡಿದರೆ ಮತ್ತೆ ಹಳೆಯ ಪದ್ಧತಿಯ ಐಪಿವಿ4. ಸಣ್ಣ ಊರುಗಳ ಹೆಚ್ಚಿನ ಕೇಬಲ್ ಮತ್ತು ಫೈಬರ್ ಜಾಲಗಳ ಸ್ಥಿತಿ ಇನ್ನೂ ಹೀಗೇ ಇದೆ, ನಾವು ನಡೆಸುವ ತಾಲ್ಲೂಕು ಜಾಲದ್ದೂ ಹೀಗೇ ಇತ್ತು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಖಾಸಗಿಯವರಿಗೆ ಅವಕಾಶ ಸಿಕ್ಕಿದ್ದು 1998ರಲ್ಲಿ. ಫೈಬರ್ ತಾಲ್ಲೂಕು ಮುಟ್ಟುವ ಹೊತ್ತಿಗೆ ಐಪಿವಿ4 ವಿಳಾಸಗಳು ಮುಗಿದಿದ್ದವು: 2011ರ ಫೆಬ್ರವರಿ 3ಕ್ಕೆ ಜಾಗತಿಕ ದಾಸ್ತಾನು ಖಾಲಿಯಾಯಿತು, ಅದೇ ಏಪ್ರಿಲ್ 15ಕ್ಕೆ ಏಷ್ಯಾ-ಪೆಸಿಫಿಕ್ ಭಾಗದಲ್ಲಿ ಪಡಿತರ ಶುರುವಾಯಿತು. ಆಗ ಒಂದು ಜಾಲಕ್ಕೆ ಹೆಚ್ಚೆಂದರೆ 1024 ವಿಳಾಸ. 2019ರಿಂದ ಅದು 512ಕ್ಕೆ ಇಳಿದಿದೆ.

512 ವಿಳಾಸದಲ್ಲಿ ನಾಲ್ಕೈದು ಸಾವಿರ ಮನೆ ನಡೆಸಬಹುದು, ಒಂದೇ ವಿಳಾಸವನ್ನು ಹಲವು ಮನೆಗೆ ಹಂಚುವ ಸಿಜಿ-ನ್ಯಾಟ್ ಹಾಕಿದರೆ ಆಯಿತು. ಇಲ್ಲಿ ಕೊರತೆ ಬೀಳುವುದು ವಿಳಾಸಕ್ಕಲ್ಲ, ಪೋರ್ಟಿಗೆ, ಅಂದರೆ ಒಂದೊಂದು ಸಂಪರ್ಕವನ್ನು ಬೇರೆಯಾಗಿ ಗುರುತಿಸುವ ಸಂಖ್ಯೆಗೆ. ಒಂದು ವಿಳಾಸಕ್ಕೆ 65,536 ಪೋರ್ಟು. ಮೊದಲ 1024 ಬಿಟ್ಟು ಉಳಿದದ್ದನ್ನು 64 ಮನೆಗೆ ಹಂಚಿದರೆ ಮನೆಗೆ 1008 ಬರುತ್ತದೆ. ಒಂದು ಟಿವಿ, ನಾಲ್ಕು ಫೋನು, ಒಂದು ಲ್ಯಾಪ್‌ಟಾಪ್ ಇರುವ ಮನೆ ಸಂಜೆ ಎಂಟರ ಹೊತ್ತಿಗೆ ಅದನ್ನು ಮುಗಿಸಿಬಿಡುತ್ತದೆ. ಆಗ ಗ್ರಾಹಕರ ದೂರು ‘ನೆಟ್ ಇದೆ, ಆದರೆ ಕೆಲವು ಆ್ಯಪ್ ತೆರೆಯುತ್ತಿಲ್ಲ’ ಎಂದೇ ಇರುತ್ತದೆ. ಒಂದು ಮನೆಯ ಕಂಪ್ಯೂಟರ್ ವೈರಸ್ ಹಿಡಿದು ಸ್ಪ್ಯಾಮ್ ಕಳಿಸಿದರೆ ಉಳಿದ 63 ಮನೆಗೂ ಕ್ಯಾಪ್ಚಾ ಕಾಟ. ಇದರ ಮೇಲೆ ಯಾವ ಪೋರ್ಟು ಯಾವ ಹೊತ್ತಿನಲ್ಲಿ ಯಾರ ಬಳಿ ಇತ್ತೆಂಬ ದಾಖಲೆಯನ್ನು (ಲಾಗ್) ಎರಡು ವರ್ಷ ಇಟ್ಟುಕೊಳ್ಳಬೇಕು. 2022ರ ಡಿಸೆಂಬರ್ 31ರ ನಂತರ ಕೊಡುವ ಪ್ರತಿ ಹೊಸ ವೈರ್‌ಲೈನ್ ಕನೆಕ್ಷನ್ ಐಪಿವಿ6 ಸಾಗಿಸುವಂತಿರಬೇಕು ಎಂದು ದೂರಸಂಪರ್ಕ ಇಲಾಖೆ ಹೇಳಿದೆ. ಆ ಆದೇಶ ಇಲ್ಲದಿದ್ದರೂ ಇದನ್ನು ಮಾಡಲೇಬೇಕಿತ್ತು.

ದೇಶದಲ್ಲಿ ವಿಳಾಸ ಹಂಚುವ ಸಂಸ್ಥೆ ಐಆರ್‌ಐಎನ್‌ಎನ್‌ನಿಂದ ಸಿಗುವುದು /32 (ಓರೆಗೆರೆಯ ಸಂಖ್ಯೆ ಚಿಕ್ಕದಾದಷ್ಟೂ ವಿಳಾಸಗಳ ಗುಂಪು ದೊಡ್ಡದು). ಇದನ್ನು ಐಪಿವಿ4ರ ಜಿಪುಣತನದಲ್ಲಿ ಹಂಚಬಾರದು. ನಾವು ಒಂದೊಂದು ಬಿಎನ್‌ಜಿಗೆ (ಗ್ರಾಹಕರ ಸಂಪರ್ಕಗಳು ಬಂದು ಸೇರುವ ರೂಟರ್) /40 ಕೊಟ್ಟೆವು, ಒಂದೊಂದು ಮನೆಗೆ /56. ಒಂದು /40ರಲ್ಲಿ 65,536 ಮನೆ ಕೂರುತ್ತವೆ. ಅಂಥ /40ಗಳು ನಮ್ಮ ಬಳಿ 256. ಪ್ರತಿ ಗಡಿಯನ್ನೂ ನಾಲ್ಕು ಬಿಟ್ಟಿನ ಗುಣಕದಲ್ಲಿ ಇಟ್ಟರೆ ವಿಳಾಸ ನೋಡಿದ ಕೂಡಲೇ ಯಾವ ಪೆಟ್ಟಿಗೆ, ಯಾವ ಬಡಾವಣೆ ಎಂದು ಗೊತ್ತಾಗುತ್ತದೆ. ಮನೆಗೆ ಒಂದೇ /64 ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಗ್ರಾಹಕರು ಎರಡನೇ ರೂಟರ್ ಇಟ್ಟ ದಿನವೇ ಅದರ ಹಿಂದಿನ ಸಾಧನಗಳಿಗೆ ವಿಳಾಸ ಇರುವುದಿಲ್ಲ.

ಬಿಜಿಪಿ ಭಾಗ, ಅಂದರೆ ನಮ್ಮ ವಿಳಾಸಗಳು ಇಲ್ಲಿವೆ ಎಂದು ಹೊರಗಿನ ಜಾಲಗಳಿಗೆ ಘೋಷಿಸುವುದು, ಅರ್ಧ ದಿನದ ಕೆಲಸ. ಐಪಿವಿ6ಗೆ ಬೇರೆ ಸೆಷನ್, ನಮಗೆ ಇಂಟರ್ನೆಟ್ ಕೊಡುವ ಅಪ್‌ಸ್ಟ್ರೀಮಿನವರ ಫಿಲ್ಟರಿನಲ್ಲಿ ನಮ್ಮ /32, ಆರ್‌ಪಿಕೆಐ ವ್ಯವಸ್ಥೆಯಲ್ಲಿ ಆರ್‌ಒಎ (ಈ ವಿಳಾಸಗಳನ್ನು ಘೋಷಿಸುವ ಹಕ್ಕು ಯಾವ ಜಾಲದ್ದೆಂದು ಹೇಳುವ ದಾಖಲೆ). ಘೋಷಿಸುವುದು /32 ಮಾತ್ರವಾದರೆ ಆರ್‌ಒಎಯ ಗರಿಷ್ಠ ಉದ್ದವನ್ನೂ 32 ಎಂದೇ ಇಡಿ. ಮುಂದೆ ಬೇಕಾದೀತೆಂದು 48 ಹಾಕಿಟ್ಟರೆ, ನಮ್ಮ ಜಾಲದ ಗುರುತಾದ ಎಎಸ್ ಸಂಖ್ಯೆಯನ್ನು ಹೆಸರಿಸಿ ಬೇರೆಯವರು ಸಣ್ಣ ತುಂಡನ್ನು ಕದಿಯಲು ದಾರಿ ಬಿಟ್ಟಂತೆ. ಇನ್ನೊಂದು, ಇಡೀ /32ಕ್ಕೆ, ಪ್ಯಾಕೆಟ್ಟನ್ನು ಅಲ್ಲೇ ಬಿಸಾಡುವ ಒಂದು ಬ್ಲ್ಯಾಕ್‌ಹೋಲ್ ರೂಟ್ ಹಾಕಲೇಬೇಕು. ಇಲ್ಲದಿದ್ದರೆ ಇನ್ನೂ ಹಂಚದ ವಿಳಾಸಕ್ಕೆ ಬಂದ ಪ್ಯಾಕೆಟ್ಟು ಡಿಫಾಲ್ಟ್ ರೂಟ್ ಹಿಡಿದು ಅಪ್‌ಸ್ಟ್ರೀಮಿಗೆ ಹೋಗುತ್ತದೆ, ಅವರು ವಾಪಸ್ ಕಳಿಸುತ್ತಾರೆ, ಹಾಪ್ ಲಿಮಿಟ್ (ದಾಟಬಹುದಾದ ರೂಟರ್‌ಗಳ ಮಿತಿ) ಮುಗಿಯುವ ತನಕ ಎರಡೂ ಕಡೆ ಸುತ್ತುತ್ತಿರುತ್ತದೆ.

ಪ್ರತಿ ಮನೆ ಯೂಸರ್ ಹೆಸರು, ಪಾಸ್‌ವರ್ಡಿನಿಂದ ಲಾಗಿನ್ ಆಗುವ ಪಿಪಿಪಿಒಇ ಇರುವ ಜಾಲಕ್ಕೆ ಒಂದು ಅನುಕೂಲವಿದೆ. ಮನೆಗಳ ಫೈಬರ್ ಬಂದು ಸೇರುವ ಓಎಲ್‌ಟಿ, ಸ್ವಿಚ್ಚುಗಳ ಕಣ್ಣಿಗೆ ಬೀಳುವುದು ಪಿಪಿಪಿಒಇ ಫ್ರೇಮ್ ಮಾತ್ರ, ಒಳಗಿರುವುದು ಐಪಿವಿ6 ಎಂದು ಅವಕ್ಕೆ ಗೊತ್ತೇ ಆಗದು. ಆದ್ದರಿಂದ ಹಳೆಯ ಓಎಲ್‌ಟಿ ಬದಲಿಸಬೇಕಾಗಿಲ್ಲ. ಈ ಹೊದಿಕೆ ಇಲ್ಲದ ಐಪಿಒಇ ನಡೆಸುವವರಿಗೆ ಈ ಭಾಗ್ಯ ಇಲ್ಲ. ಸ್ವಿಚ್ಚಿನ ಮಲ್ಟಿಕಾಸ್ಟ್ ಸ್ನೂಪಿಂಗ್ (ಗುಂಪಿಗೆ ಕಳಿಸಿದ ಪ್ಯಾಕೆಟ್ ಯಾರಿಗೆ ಹೋಗಬೇಕೆಂದು ನೋಡುವುದು) ಸರಿಯಿಲ್ಲದಿದ್ದರೆ, ಅಕ್ಕಪಕ್ಕದ ಸಾಧನಗಳು ಒಂದನ್ನೊಂದು ಹುಡುಕುವ ನೈಬರ್ ಡಿಸ್ಕವರಿಯೇ ನಿಂತುಹೋಗುತ್ತದೆ. ಮೈಕ್ರೋಟಿಕ್ ಕಂಪನಿಯ ರೂಟರ್ ಬಳಸುವವರು ನೆನಪಿಡಬೇಕಾದ್ದು: ರೂಟರ್ ಓಎಸ್ 6ರಲ್ಲಿ ಐಪಿವಿ6 ಪ್ಯಾಕೇಜನ್ನು ಬೇರೆಯಾಗಿ ಚಾಲೂ ಮಾಡಿ ರೀಬೂಟ್ ಕೊಡಬೇಕು, 7ರಲ್ಲಿ ಅದು ಒಳಗೇ ಇದೆ.

ಪಿಪಿಪಿಒಇಯ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 1492 ಬೈಟ್. ಐಪಿವಿ4ಕ್ಕೆ ಎಂಎಸ್‌ಎಸ್ (ಹೆಡರ್ ಕಳೆದು ಉಳಿಯುವ ಡೇಟಾದ ಮಿತಿ) 1452 ಎಂದು ಹಾಕಿರುವ ನಿಯಮ ಐಪಿವಿ6ಕ್ಕೆ ಅನ್ವಯಿಸುವುದಿಲ್ಲ. ಅದರ ಹೆಡರ್ 20 ಬೈಟ್ ದೊಡ್ಡದು, ಹಾಗಾಗಿ 1432 ಎಂದು ಬೇರೆ ನಿಯಮ ಬೇಕು. ಇದನ್ನು ಮರೆತರೆ ಪಿಂಗ್ ಸರಿಯಾಗಿ ಬರುತ್ತದೆ, ಕೆಲವು ತಾಣ ತೆರೆಯುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ. ‘ಭದ್ರತೆಗಾಗಿ’ ಜಾಲದ ದೋಷ ಸೂಚನೆಗಳನ್ನು ಒಯ್ಯುವ ಐಸಿಎಂಪಿವಿ6 ಪೂರ್ತಿ ಮುಚ್ಚುವವರಿಗೂ ಇದೇ ಗತಿ, ಪ್ಯಾಕೆಟ್ ದೊಡ್ಡದಾಯಿತು ಎಂಬ ಸೂಚನೆ ಬರುವುದೇ ಅದರಲ್ಲಿ.

ನಮ್ಮನ್ನು ಹೆಚ್ಚು ದಿನ ಸತಾಯಿಸಿದ್ದು ಕರೆಂಟು. ಕರೆಂಟು ಹೋಗಿ ಬಂದಾಗ, ಅಥವಾ ಫೈಬರ್ ಕಟ್ಟಾಗಿ ಜೋಡಿಸಿದಾಗ, ಸೆಷನ್ ಹೊಸದಾಗಿ ಏಳುತ್ತದೆ. ಮನೆಯ ಪ್ರಿಫಿಕ್ಸನ್ನು (ವಿಳಾಸಗಳ ಮೊದಲ ಭಾಗ) ಎಲ್ಲರಿಗೂ ಸೇರಿದ ಪೂಲಿನಿಂದ ಕೊಡುತ್ತಿದ್ದರೆ ಪ್ರತಿ ಸಲವೂ ಬೇರೆ /56. ಐಪಿವಿ4ರಲ್ಲಿ ಇದು ಯಾರಿಗೂ ತಿಳಿಯದು, ಮನೆಯೊಳಗಿನ 192.168 ವಿಳಾಸ ಬದಲಾಗುವುದಿಲ್ಲವಲ್ಲ. ಐಪಿವಿ6ರಲ್ಲಿ ಫೋನು, ಟಿವಿಗಳು ಹಿಡಿದಿರುವುದು ಆ ಪ್ರಿಫಿಕ್ಸಿನ ವಿಳಾಸವನ್ನೇ. ರೂಟರಿಗೆ ಯುಪಿಎಸ್ ಇಲ್ಲದೆ ಅದು ಸತ್ತು ಎದ್ದರೆ, ಹಳೆಯ ಪ್ರಿಫಿಕ್ಸ್ ಮುಗಿಯಿತೆಂದು ಸಾಧನಗಳಿಗೆ ಹೇಳುವವರೇ ಇಲ್ಲ. ಮಾನಕದ ಡಿಫಾಲ್ಟ್ ಪ್ರಕಾರ ಆ ವಿಳಾಸಕ್ಕೆ 7 ದಿನ ಆದ್ಯತೆ, 30 ದಿನ ಆಯುಷ್ಯ. ಫೋನು ಸತ್ತ ವಿಳಾಸದಿಂದಲೇ ಪ್ಯಾಕೆಟ್ ಕಳಿಸುತ್ತಾ ಕೂರುತ್ತದೆ, ಬ್ರೌಸರ್ ಕಾದು ಕಾದು ಐಪಿವಿ4ಕ್ಕೆ ಇಳಿಯುತ್ತದೆ. ಗ್ರಾಹಕರ ಬಾಯಲ್ಲಿ ಇದು ‘ಕರೆಂಟು ಬಂದ ಮೇಲೆ ನೆಟ್ ಸ್ಲೋ’. ವೈಫೈ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುವುದರಿಂದ ಕಾರಣ ಬೇಗ ಸಿಗುವುದೂ ಇಲ್ಲ.

ಮದ್ದು ಎರಡು ಕಡೆ ಬೇಕು. ಗ್ರಾಹಕರ ಲಾಗಿನ್ ನೋಡಿಕೊಳ್ಳುವ ರೇಡಿಯಸ್ ಸರ್ವರಿನಲ್ಲಿ ಪ್ರತಿ ಯೂಸರ್‌ಗೆ ಖಾಯಂ /56 ಬರೆದಿಡಬೇಕು. ಆಟ್ರಿಬ್ಯೂಟ್ 123, ಅಂದರೆ ಡೆಲಿಗೇಟೆಡ್ ಐಪಿವಿ6 ಪ್ರಿಫಿಕ್ಸ್. ಮನೆಯ ಫೈಬರ್ ಪೆಟ್ಟಿಗೆಯಾದ ಓಎನ್‌ಯುನಲ್ಲಿ ಆದ್ಯತೆಯ ಅವಧಿ 45 ನಿಮಿಷ, ಆಯುಷ್ಯ 90 ನಿಮಿಷ ಎಂದು ಇಳಿಸಬೇಕು. ಖಾಯಂ ಪ್ರಿಫಿಕ್ಸಿನಿಂದ ಲಾಗಿನ ಹೊರೆಯೂ ಇಳಿಯುತ್ತದೆ: ಐಪಿವಿ6 ಪಾಲಿನ ಟ್ರಾಫಿಕ್ಕಿಗೆ ಪೋರ್ಟ್ ಹಂಚಿಕೆಯ ಲಾಗ್ ಎಂಬುದೇ ಇಲ್ಲ, ಯಾವ /56 ಯಾರದು ಎಂಬುದು ರೇಡಿಯಸ್ ಅಕೌಂಟಿಂಗಿನಲ್ಲೇ ಇರುತ್ತದೆ.

ಬಿಲ್ಲಿಂಗ್ ಕಡೆಯ ತೊಂದರೆಗಳನ್ನು ರೂಟರ್ ಬಲ್ಲವರು ಸಾಮಾನ್ಯವಾಗಿ ಕಡೆಗಣಿಸುತ್ತಾರೆ. ಬಾಕಿದಾರರನ್ನು ಹಣ ಕಟ್ಟುವ ಪುಟಕ್ಕೆ ತಿರುಗಿಸುವ ನಿಯಮ ಐಪಿವಿ4ಕ್ಕೆ ಮಾತ್ರ ಇದ್ದರೆ, ಬಾಕಿ ಉಳಿಸಿಕೊಂಡ ಮನೆಯಲ್ಲಿ ಯೂಟ್ಯೂಬ್, ಫೇಸ್‌ಬುಕ್ ಐಪಿವಿ6 ಮೇಲೆ ಹಾಯಾಗಿ ಓಡುತ್ತವೆ. ವೇಗಮಿತಿಯ ಕ್ಯೂ ಐಪಿವಿ4 ವಿಳಾಸದ ಮೇಲಿದ್ದರೆ 50 ಎಂಬಿಯ ಪ್ಲಾನಿನವರಿಗೆ ಪೂರ್ತಿ ಲೈನ್ ಸಿಗುತ್ತದೆ. ಕ್ಯೂವನ್ನು ಸೆಷನ್ನಿನ ಇಂಟರ್‌ಫೇಸ್ ಮೇಲೆ ಹಾಕಿ. ಡೇಟಾಬೇಸಿನಲ್ಲಿ ವಿಳಾಸದ ಕಾಲಂ 15 ಅಕ್ಷರದ್ದಾಗಿದ್ದರೆ ಐಪಿವಿ6ರ 39 ಅಕ್ಷರ ಅದರಲ್ಲಿ ಹಿಡಿಸದು. ಟ್ರಾಫಿಕ್ ದಾಖಲಿಸುವ ನೆಟ್‌ಫ್ಲೋದ 5ನೇ ಆವೃತ್ತಿಗೆ ಐಪಿವಿ6 ಗೊತ್ತಿಲ್ಲ, 9ನೆಯದು ಅಥವಾ ಐಪಿಫಿಕ್ಸ್ ಬೇಕು. ಇಷ್ಟನ್ನೂ ಹತ್ತು ಟೆಸ್ಟ್ ಯೂಸರ್‌ಗಳ ಮೇಲೆ ನೋಡಿದ ಮೇಲೆಯೇ ಬಡಾವಣೆಗೆ ಕೈಹಾಕಿದೆವು, ಒಂದು ಸಲಕ್ಕೆ 50 ಮನೆ.

ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರಿನ ವಿಳಾಸವನ್ನು (ಉದಾಹರಣೆಗೆ ಗೂಗಲ್‌ನ 2001:4860:4860::8888) ಸಾಧನಗಳಿಗೆ ಸೆಟ್ಟಿಂಗ್ ತಲುಪಿಸುವ ಡಿಎಚ್‌ಸಿಪಿವಿ6 ಮತ್ತು ರೂಟರ್ ಅಡ್ವರ್ಟೈಸ್‌ಮೆಂಟ್ ಎರಡರಲ್ಲೂ ಕೊಡಿ. ಆಂಡ್ರಾಯ್ಡ್ ನೋಡುವುದು ಎರಡನೆಯದನ್ನು, ಹಳೆಯ ವಿಂಡೋಸ್ ಮೊದಲನೆಯದನ್ನು.

ಓಎನ್‌ಯು ಮೆನುವಿನಲ್ಲಿ ಐಪಿವಿ6 ಎಂದಿದ್ದ ಮಾತ್ರಕ್ಕೆ ನಂಬಬೇಡಿ. ಪ್ರಿಫಿಕ್ಸ್ ಡೆಲಿಗೇಷನ್, ಅಂದರೆ ಮನೆಯ /56, ಕೇಳುತ್ತದೆಯೇ, ಹೊರಗಿನಿಂದ ಬರುವ ಸಂಪರ್ಕವನ್ನು ತಾನಾಗಿ ತಡೆಯುತ್ತದೆಯೇ ಎಂದು ಮೇಜಿನ ಮೇಲೆ ಪರೀಕ್ಷಿಸಿ. ನ್ಯಾಟ್‌ನ ಮರೆ ಇಲ್ಲದ ಕಡೆ ಫೈರ್‌ವಾಲ್ ತೆರೆದಿದ್ದರೆ ಡಿಫಾಲ್ಟ್ ಪಾಸ್‌ವರ್ಡಿನ ಸಿಸಿಟಿವಿ ಡಿವಿಆರ್ ನೇರ ಬೀದಿಗೆ ಬಿದ್ದಂತೆ. ಈ ಪರೀಕ್ಷೆಯಲ್ಲಿ ಸೋತ ಪೆಟ್ಟಿಗೆಗಳನ್ನು ಐಪಿವಿ4ರಲ್ಲೇ ಬಿಟ್ಟು, ರಿಪೇರಿಗೆ ಬಂದಾಗ ಬದಲಿಸುವುದು ಖರ್ಚಿನ ದೃಷ್ಟಿಯಿಂದ ಸರಿ.

ತೋಟಕ್ಕೆ, ಅಂಗಡಿಗೆ ಕ್ಯಾಮೆರಾ ಹಾಕಿಸಿಕೊಂಡವರು ಹಿಂದೆ ಸ್ಟ್ಯಾಟಿಕ್ ಐಪಿಗೆ ಬೇರೆ ಹಣ ಕಟ್ಟುತ್ತಿದ್ದರು. ಡಿವಿಆರ್ ಐಪಿವಿ6 ಬಲ್ಲದಾದರೆ ಅದರ ಪಾಸ್‌ವರ್ಡ್ ಬದಲಿಸಿ, ಓಎನ್‌ಯು ಫೈರ್‌ವಾಲಿನಲ್ಲಿ ಆ ಒಂದು ವಿಳಾಸದ ಒಂದೇ ಪೋರ್ಟ್ ತೆರೆದರೆ ಸಾಕು. ನೋಡುವ ಮೊಬೈಲಿನಲ್ಲಿ ಐಪಿವಿ6 ಮೊದಲೇ ಇದೆ.